ಮತದಾರರ ಫಾರಂ ತುಂಬಿ, ಜ್ಯೂರಿಗೆ ಹೆದರಬೇಡಿ

ಅರಸೀಕೆರೆಯಿಂದ ಬರ್ಮಿಂಗ್‌ಹ್ಯಾಮ್‌ಗೆ ಹೊಸದಾಗಿ ಬಂದಿರುವ ನೀವು ಕೇಳಿದ್ದು ಇಷ್ಟು: ಮತದಾರರ ಪಟ್ಟಿಗೆ ಹೆಸರು ಕೊಡಿ ಅಂತ ಪತ್ರ ಬಂದಿದೆ. ಕೊಟ್ಟರೆ ಕೋರ್ಟಿಗೆ ಜ್ಯೂರಿ ಅಂತ ಕರೆಯುತ್ತಾರಂತೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದೆಲ್ಲ ಬೇಕಾ? ನಿರಪರಾಧಿಗೆ ಶಿಕ್ಷೆ ಆದರೆ ಆ ಪಾಪ ಯಾರಿಗೆ?

ಬೇಕು. ನಾವು ಕಾಮನ್‌ವೆಲ್ತ್ ದೇಶದವರು, ವೀಸಾ ಇದ್ದರೆ ಇಲ್ಲಿ ನಮಗೂ ಓಟು ಇದೆ. ಜ್ಯೂರಿಗೆ ಮಾತ್ರ 5 ವರ್ಷ ಇಲ್ಲಿ ವಾಸವಿರಬೇಕು, ಹಾಗಾಗಿ ಸದ್ಯಕ್ಕೆ ನೀವು ಬಚಾವ್! ಹಾಸನದ ಸೆಷನ್ಸ್ ಕೋರ್ಟಲ್ಲಿ ಅಪರಾಧಿ ಹೌದೋ ಅಲ್ಲವೋ ಅಂತ ಜಡ್ಜ್ ಹೇಳುತ್ತಾರೆ. ಇಲ್ಲಿ ಗಂಭೀರ ಕೇಸುಗಳು ನಡೆಯುವ ಕ್ರೌನ್ ಕೋರ್ಟಲ್ಲಿ ಅದನ್ನು ಹೇಳುವುದು ನಮ್ಮಂಥ 12 ಜನ, ಅವರೇ ಜ್ಯೂರಿ. ವಿಚಾರಣೆ ನಡೆಯುವಾಗ ಕೇಸಿನ ಬಗ್ಗೆ ಗೂಗಲ್ ಮಾಡಿದರೆ ಅದೇ ಅಪರಾಧ. ಜ್ಯೂರಿ ಕೋಣೆಯ ಚರ್ಚೆಯನ್ನು ಹೆಂಡತಿಗೂ ಹೇಳುವಂತಿಲ್ಲ.

ಇನ್ನು ಪಾಪದ ಮಾತು. ನಿಮ್ಮ ಬರ್ಮಿಂಗ್‌ಹ್ಯಾಮ್‌ನಲ್ಲೇ 1974ರಲ್ಲಿ ಪಬ್‌ಗಳಲ್ಲಿ ಬಾಂಬ್ ಸಿಡಿಯಿತು. ಮರುವರ್ಷ ಆರು ಜನರನ್ನು ಅಪರಾಧಿಗಳು ಅಂದಿದ್ದು ಇಂಥದ್ದೇ ಜ್ಯೂರಿ. ಆ ತೀರ್ಪು ತಪ್ಪು ಅಂತಾಗಿ ಅವರು ಹೊರಬಂದಿದ್ದು 1991ರಲ್ಲಿ, ಅದೂ ಹೊರಗಿನ ಜನ ಪಟ್ಟು ಬಿಡದೆ ಹೋರಾಡಿದ್ದಕ್ಕೆ. ಆಮೇಲೇ ಕ್ರಿಮಿನಲ್ ಕೇಸಸ್ ರಿವ್ಯೂ ಕಮಿಷನ್ ಹುಟ್ಟಿತು, 1997ರಲ್ಲಿ ಕೆಲಸ ಶುರು ಮಾಡಿತು. ಅಪೀಲಿನಲ್ಲೂ ಸೋತವರು ಅಲ್ಲಿಗೆ ಅರ್ಜಿ ಹಾಕಬಹುದು, ಫೀಸಿಲ್ಲ, ಗಡುವಿಲ್ಲ. ಆದರೆ ಶಿಕ್ಷೆ ರದ್ದು ಮಾಡುವ ಅಧಿಕಾರ ಅದಕ್ಕಿಲ್ಲ, ಕೇಸನ್ನು ವಾಪಸ್ ಕೋರ್ಟಿಗೆ ಕಳಿಸಬಹುದು ಅಷ್ಟೇ. ಆಂಡ್ರ್ಯೂ ಮಾಲ್ಕಿನ್ಸನ್ ಅರ್ಜಿಯನ್ನು ಅದು ಎರಡು ಸಲ ತಿರಸ್ಕರಿಸಿತ್ತು. ಆ ಮನುಷ್ಯ 17 ವರ್ಷ ಜೈಲಲ್ಲಿದ್ದರು, ಕೊನೆಗೆ ಅವರ ಶಿಕ್ಷೆ ರದ್ದಾಗಿದ್ದು 2023ರಲ್ಲಿ. ಹಾಗಾಗಿ ಇಲ್ಲಿ ಎಲ್ಲ ಸರಿ ಇದೆ ಅಂತ ನಾನಂತೂ ಹೇಳಲ್ಲ.

ಲಂಡನ್ನಿನ ಅಪೀಲು ಕೋರ್ಟಲ್ಲಿ ಜ್ಯೂರಿ ಇಲ್ಲ, ಜಡ್ಜ್‌ಗಳು ಮಾತ್ರ. ಸುಮ್ನೆ ಹೋಗಿ ಕೂತು ನೋಡಬಹುದು, ಯಾಕೆ ಬಂದಿರಿ ಅಂತ ಯಾರೂ ಕೇಳಲ್ಲ. ಜನರ ಕೆಲಸ ಜಾಸ್ತಿ ನಡೆಯುವುದು ಕೋರ್ಟಿನ ಹೊರಗೇ. ಕಂಪ್ಯೂಟರ್ ತಪ್ಪಿಗೆ ಕಳ್ಳರೆನಿಸಿಕೊಂಡ ಪೋಸ್ಟ್ ಆಫೀಸಿನವರ ಕಥೆ ಕೇಳಿರಬೇಕು, ಅವರಲ್ಲಿ ಭಾರತ ಮೂಲದವರೂ ಇದ್ದರು. 2024ರ ಜನವರಿಯಲ್ಲಿ ಅದು ಟಿವಿಯಲ್ಲಿ ಬಂತು, ಊರೆಲ್ಲ ರೇಗಿತು, ಮೇ ತಿಂಗಳಲ್ಲಿ ಕಾನೂನು ಮಾಡಿಯೇ ನೂರಾರು ಶಿಕ್ಷೆ ರದ್ದು ಮಾಡಿದರು. ಅಪೀಲಿನ ನಿಯಮ ಹೇಗೆ ಬದಲಾಗಬೇಕು ಅಂತ 2025ರಲ್ಲಿ ಕಾನೂನು ಸುಧಾರಣೆಗೆ ಸಲಹೆ ಕೊಡುವ ಲಾ ಕಮಿಷನ್ ಸಾರ್ವಜನಿಕರನ್ನೇ ಕೇಳಿತು. ಅದಕ್ಕೆ ಬರೆಯಲು ವಕೀಲರಾಗಬೇಕಿರಲಿಲ್ಲ.

ಕೆಲಸ, ತೆರಿಗೆಗೆ ಇಲ್ಲಿ ಕೊಡುವ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಪಕ್ಕದಲ್ಲಿಟ್ಟುಕೊಂಡು ಫಾರಂ ತುಂಬಿ. ರಾಷ್ಟ್ರೀಯತೆ ಕೇಳಿದ ಕಡೆ ಭಾರತೀಯ ಅಂತಲೇ ಹಾಕಿ.