ನುಂಗದಿದ್ದರೂ ಬೇಕಾದ ಮಾತ್ರೆ

ಗಾಬರಿಗೆಂದು ಕೊಟ್ಟ ಮಾತ್ರೆಯನ್ನು ನುಂಗದಿದ್ದರೂ ಅದು ಜೊತೆಗಿರಲೇಬೇಕೆಂಬ ಗೊಂದಲ ಹೊತ್ತು ನನ್ನ ಬಳಿ ಮಾತಿನ ಚಿಕಿತ್ಸೆಗೆ ಬರುವವರು ಹೆಚ್ಚುತ್ತಿರುವುದರಿಂದ, ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಆಕೆ ಪ್ರೌಢಶಾಲೆಯ ಶಿಕ್ಷಕಿ. ಬಸ್ಸಿನಲ್ಲಿ ಒಮ್ಮೆ ಎದೆಬಡಿತ ಏರಿ, ಉಸಿರು ಕಟ್ಟಿದಂತಾಗಿ, ಹೃದಯಾಘಾತವೆಂದೇ ತಿಳಿದು ಆಸ್ಪತ್ರೆಗೆ ಓಡಿದ್ದರು. ಇಸಿಜಿ, ಥೈರಾಯ್ಡ್ ಪರೀಕ್ಷೆಗಳಲ್ಲಿ ದೋಷವಿರಲಿಲ್ಲ. ಪ್ಯಾನಿಕ್ ಡಿಸಾರ್ಡರ್ (ಇದ್ದಕ್ಕಿದ್ದಂತೆ ತೀವ್ರ ಗಾಬರಿ ಮತ್ತೆ ಮತ್ತೆ ಬರುವ ತೊಂದರೆ) ಎಂದು ಗುರುತಿಸಿದ ಮನೋವೈದ್ಯರು ದಿನವೂ ತೆಗೆದುಕೊಳ್ಳಲು ನಿಧಾನವಾಗಿ ಗುಣ ಕೊಡುವ ಎಸಿಟಲೋಪ್ರಾಮ್ ಮಾತ್ರೆ, ತೀರಾ ಅಗತ್ಯವಿದ್ದಾಗ ಮಾತ್ರ ಎಂದು ಬೇಗ ಗಾಬರಿ ಇಳಿಸುವ ಕ್ಲೋನಜೆಪಾಮ್ ಮಾತ್ರೆ ಬರೆದುಕೊಟ್ಟಿದ್ದರು. ಮೊದಲನೆಯದನ್ನು ಆಕೆ ಒಂದು ವಾರವೂ ತೆಗೆದುಕೊಳ್ಳಲಿಲ್ಲ.

“ಅದು ನನಗೆ ಒಗ್ಗಲಿಲ್ಲ ಮೇಡಂ, ಗಾಬರಿ ಇನ್ನೂ ಹೆಚ್ಚಾಯಿತು. ಇನ್ನೊಂದು ಒಳ್ಳೆಯ ಮಾತ್ರೆ. ಈಗ ಅದನ್ನೂ ನುಂಗುವುದಿಲ್ಲ, ಬ್ಯಾಗಿನಲ್ಲಿದ್ದರೆ ಸಾಕು” ಎಂದರು. ಬ್ಯಾಗಿನಲ್ಲಿ ಇಲ್ಲದಿದ್ದರೆ ಎಂದು ಕೇಳಿದೆ. “ಬಸ್ಸಿನಿಂದ ಇಳಿದುಬಿಡುತ್ತೇನೆ” ಎಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನುಂಗದ ಮಾತ್ರೆ ಹೇಗೆ ಮೇಡಂ ಕೆಲಸ ಮಾಡುತ್ತದೆ?” ಎಂದು ತಾವೇ ಕೇಳಿದರು.

ಅಂದಿನ ಉಳಿದ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ ನಡೆಯಿತು. ಪ್ಯಾನಿಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ಏರುವಷ್ಟು ಏರಿ ತಾನಾಗಿಯೇ ಇಳಿಯುತ್ತದೆ. ಆದರೆ ಪ್ರತಿ ಸಲವೂ ಮನಸ್ಸು ‘ಬ್ಯಾಗಿನಲ್ಲಿ ಮಾತ್ರೆ ಇದ್ದುದರಿಂದ ಉಳಿದೆ’ ಎಂದುಕೊಳ್ಳುವುದರಿಂದ ಅದು ತಾನಾಗಿ ಇಳಿಯಿತೆಂಬುದು ಅನುಭವಕ್ಕೆ ಬರುವುದೇ ಇಲ್ಲ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ, ಬೇಕೆಂದೇ ಜೋರಾಗಿ ಉಸಿರಾಡಿ, ಮೆಟ್ಟಿಲು ಹತ್ತಿ, ಅದೇ ಎದೆಬಡಿತವನ್ನು ತಂದುಕೊಂಡು, ಅದು ಇಳಿಯುವವರೆಗೂ ಓಡಿಹೋಗದೆ ನಿಲ್ಲುವುದನ್ನು ಅಭ್ಯಾಸ ಮಾಡಿಸುತ್ತೇವೆ.

ಹಾಗೆಂದು ನಾನು ಔಷಧದ ವಿರೋಧಿಯಲ್ಲ. ಮನೋವೈದ್ಯರ ಬಳಿಗೆ ಮರಳಿ, ಎಸಿಟಲೋಪ್ರಾಮ್ ಬಿಟ್ಟ ಸಂಗತಿಯನ್ನು ಮುಚ್ಚಿಡದೆ ಹೇಳಿ ಎಂಬುದೇ ನನ್ನ ಮೊದಲ ಸಲಹೆಯಾಗಿತ್ತು. ಅಂಥ ಔಷಧಗಳು ಆರಂಭದಲ್ಲಿ ಕೆಲವರ ಚಡಪಡಿಕೆಯನ್ನು ಹೆಚ್ಚಿಸುವುದುಂಟು, ಗುಣ ಕಾಣಲು ಹಲವು ವಾರ ಬೇಕು; ಇದನ್ನು ಮೊದಲೇ ತಿಳಿಸಿದರೆ ಎಷ್ಟೋ ಜನ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದಿಲ್ಲವೆಂಬುದು ನನ್ನ ದೃಢ ನಂಬಿಕೆ. ಕ್ಲೋನಜೆಪಾಮ್ ಬೇಗ ನೆಮ್ಮದಿ ಕೊಡುವುದರಿಂದಲೇ ‘ಒಳ್ಳೆಯ ಮಾತ್ರೆ’ಯಾಗಿ ಕಾಣುತ್ತದೆ, ಆದರೆ ದಿನವೂ ನುಂಗುತ್ತ ಹೋದರೆ ದೇಹ ಅದಕ್ಕೆ ಅಂಟಿಕೊಳ್ಳುತ್ತದೆ, ಹಾಗೆ ಅಂಟಿಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದಾದ್ದರಿಂದ ವೈದ್ಯರೇ ಹಂತ ಹಂತವಾಗಿ ಇಳಿಸಬೇಕು. ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಇದನ್ನು ಕೊಳ್ಳುತ್ತಲೇ ಇರುವವರನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ.

ವೈದ್ಯರು ಕಡಿಮೆ ಪ್ರಮಾಣದಿಂದ ಎಸಿಟಲೋಪ್ರಾಮ್ ಮತ್ತೆ ಆರಂಭಿಸಿದ್ದಾರೆ. ಕ್ಲೋನಜೆಪಾಮ್ ಮಾತ್ರೆಗಳನ್ನು ಬಿಸಾಡಿ ಎಂದು ನಾನು ಹೇಳಲಿಲ್ಲ. ಅವನ್ನು ಮನೆಯಲ್ಲಿಟ್ಟು ಒಂದು ಸ್ಟಾಪಿನವರೆಗೆ, ಅದು ರೂಢಿಯಾದ ಮೇಲೆ ಎರಡು ಸ್ಟಾಪಿನವರೆಗೆ ಹೋಗಿಬನ್ನಿ ಎಂದೆ. ಹತ್ತಿರದಲ್ಲಿ ಮನೋವೈದ್ಯರಿಲ್ಲದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.