ಕಮಿಟಿ ಕೊಟ್ಟರು, ಅಧಿಕಾರ?

ಪ್ರಶ್ನೆ: ನಾನು ನರ್ಸಿಂಗ್ ಕಾಲೇಜಿನಲ್ಲಿ ಲೆಕ್ಚರರ್. ಎಲ್ಲ ವಿದ್ಯಾರ್ಥಿಗಳನ್ನೂ ಸಮನಾಗಿ ನೋಡಿಕೊಳ್ಳಬೇಕೆಂದು ಒಂದು ಕಮಿಟಿ ಮಾಡಿ, ನನ್ನನ್ನೇ ಮುಖ್ಯಸ್ಥೆ ಮಾಡಿದ್ದಾರೆ. ಕನ್ನಡ ಮೀಡಿಯಂನಿಂದ ಬಂದವರು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಬಾಯೇ ಬಿಡುವುದಿಲ್ಲ. ಇಂಗ್ಲಿಷ್ ಬರದವರು ಇಲ್ಲಿಗ್ಯಾಕೆ ಬಂದರು ಅಂತಾರೆ ಸಹೋದ್ಯೋಗಿಗಳು. ಎಲ್ಲಿಂದ ಶುರು ಮಾಡಲಿ?
- ಹೆಸರು ಬೇಡ, ತುಮಕೂರು

ಉತ್ತರ: ಪೋಸ್ಟರ್, ಭಾಷಣದಿಂದಂತೂ ಬೇಡ. ವೈವಾದಿಂದಲೇ ಶುರು ಮಾಡಿ. ಇನ್ಸುಲಿನ್ ಚುಚ್ಚುವ ಜಾಗ ಯಾಕೆ ಬದಲಿಸುತ್ತಿರಬೇಕು ಅಂತ ಕನ್ನಡದಲ್ಲಿ ಕೇಳಿ ನೋಡಿ. ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟುತ್ತದೆ ಮೇಡಂ, ಔಷಧಿ ಸರಿಯಾಗಿ ಹಿಡಿಯಲ್ಲ ಅಂತ ಥಟ್ಟನೆ ಹೇಳುವ ಹುಡುಗಿಯೇ, ಅದನ್ನೇ ಇಂಗ್ಲಿಷಿನಲ್ಲಿ ಕೇಳಿದರೆ ನೆಲ ನೋಡುತ್ತಾ ನಿಲ್ಲುತ್ತಾಳೆ. ವಿಷಯ ಗೊತ್ತಿದೆ, ಅಲ್ವಾ? ಇಂಗ್ಲಿಷ್ ಬೇಕೇ ಬೇಕು, ಕೇಸ್ ಶೀಟ್ ಬರೆಯುವುದು ಅದರಲ್ಲೇ. ಆದರೆ ಅದನ್ನು ಮೊದಲ ವರ್ಷದಲ್ಲೇ ಕಲಿಸುವ ಹೊಣೆ ಕಾಲೇಜಿನದು. (ವಾರ್ಡಿನಲ್ಲಿ ಅಜ್ಜಿಗೆ ಮಾತ್ರೆ ವಿವರಿಸಲು ಎಲ್ಲರೂ ಕರೆಯುವುದು ಇವಳನ್ನೇ!)

ಡ್ಯೂಟಿ ಲಿಸ್ಟೂ ನೋಡಿ. ಗಂಡು ಹುಡುಗರನ್ನು ಹೆರಿಗೆ ವಾರ್ಡಿನಿಂದ ಸುಮ್ನೆ ಹೊರಗಿಡುತ್ತಿದ್ದಾರಾ?

ಅಮೆರಿಕದಲ್ಲಿ ಎಸ್ಟೆಲ್ ಆಸ್‌ಬೋರ್ನ್ ಅಂತ ಇದ್ದರು. 1931ರಲ್ಲಿ ಸ್ನಾತಕೋತ್ತರ ಪದವಿ ಪಡೆದ ಅಲ್ಲಿನ ಮೊದಲ ಕಪ್ಪು ನರ್ಸ್. ಎರಡನೇ ಮಹಾಯುದ್ಧದ ಕಾಲದಲ್ಲಿ, ಕಪ್ಪು ಹುಡುಗಿಯರನ್ನೂ ಸೇರಿಸಿಕೊಳ್ಳಿ ಅಂತ ನರ್ಸಿಂಗ್ ಶಾಲೆಗಳ ಬೆನ್ನು ಬಿದ್ದರು, 1945ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ತಾವೇ ಪಾಠ ಮಾಡಲು ನಿಂತರು. ಅವರು ಹಿಡಿದದ್ದು ಅಡ್ಮಿಷನ್ ಬಾಗಿಲನ್ನೇ. ನೀವೂ ವೈವಾ ಮಾರ್ಕ್ಸ್ ಮತ್ತು ಡ್ಯೂಟಿ ಲಿಸ್ಟ್ ನೋಡುವ ಅಧಿಕಾರವನ್ನು ಪ್ರಿನ್ಸಿಪಾಲರಿಂದ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಕೊಡದಿದ್ದರೆ ಕಮಿಟಿ ಬೇಡ ಅನ್ನಿ.