ಆಮದು ಬಂದ್ರೆ ಸಣ್ಣ ಘಟಕಗಳೂ ಸುಧಾರಿಸ್ತಾವಾ?
ಸರ್, ಆಮದಿನ ಪೈಪೋಟಿ ಬಂದ್ರೆ ರಿಜಿಸ್ಟರ್ ಆಗದ ಸಣ್ಣ ಘಟಕಗಳ ಉತ್ಪಾದಕತೆನೂ ಏರುತ್ತಾ ಅಂತ ಕೇಳಿದೀರಲ್ಲ, ರಾಮನಗರದ ರೇಷ್ಮೆ ನೋಡಿ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕನ ಶೇ. 30ರಿಂದ 5ಕ್ಕೆ ಇಳಿಸಿದ್ರು, ಗೂಡಿನ ರೇಟು ಬಿದ್ದೋಯ್ತು. ಪವರ್‌ಲೂಮ್‌ನವರಿಗೆ ಅನುಕೂಲನೇ ಆಯ್ತು, ಯಾಕಂದ್ರೆ ಚೀನಾ ನೂಲು ಒಂದೇ ಸಮ ಇರುತ್ತೆ, ಹಾಸಿನ ಎಳೆಗೆ (ಮಗ್ಗದಲ್ಲಿ ಉದ್ದಕ್ಕೆ ಬಿಗಿದಿರೋ ಎಳೆ) ಹಾಕಿದ್ರೆ ಪದೇ ಪದೇ ಕಡಿಯಲ್ಲ, ಮಗ್ಗ ನಿಲ್ಲಲ್ಲ. ಕೈಲಿ ದಾಖಲೆ, ಬಂಡವಾಳ ಇದ್ದ ರೀಲರ್‌ಗಳು, ಅಂದ್ರೆ ಗೂಡಿಂದ ನೂಲು ಬಿಚ್ಚೋರು, ಸಬ್ಸಿಡಿ, ಸಾಲ ತಗೊಂಡು ಆಟೋಮ್ಯಾಟಿಕ್ ಮಷಿನ್ ಹಾಕ್ಬೋದು, ಅದಕ್ಕೆ ಒಳ್ಳೆ ದ್ವಿತಳಿ (ಉದ್ದ, ಗಟ್ಟಿ ಎಳೆ ಕೊಡೋ ಹುಳದ ತಳಿ) ಗೂಡೂ ಬೇಕು. ಆದ್ರೆ ಮನೇಲೇ ನೂಲು ಬಿಚ್ಚೋ ಕೈಚರಕ ಇಟ್ಕೊಂಡು, ಬಿಸಿ ನೀರಿಗೆ ಬೆರಳು ಅದ್ದಿ ಅದ್ದಿ ಎಳೆ ಹುಡುಕೋ ಹೆಂಗಸರಿಗೆ ಯಾವ ಬ್ಯಾಂಕು ಸಾಲ ಕೊಡುತ್ತೆ ಹೇಳಿ? ಅವರ ನೂಲು ಹೆಚ್ಚಾಗಿ ಹೊಕ್ಕಿಗಷ್ಟೇ (ಅಡ್ಡ ಎಳೆಗೆ) ಹೋಗುತ್ತೆ. ಇನ್ನೊಂದು, ನಿಂತೋದ ಚರಕಗಳು ಲೆಕ್ಕದಿಂದಲೇ ಬಿಟ್ಟುಹೋದಾಗ ಉಳಿದವರ ಸರಾಸರಿ ತಾನಾಗೇ ಏರಿದ ಹಾಗೆ ಕಾಣುತ್ತೆ, ಅಂಕಿ ನೋಡೋವಾಗ ಇದೊಂದು ದಯವಿಟ್ಟು ಗಮನಿಸಿ.